ಒಂದು ಗೋಲಿಗೆ ಎರಡು ಬಣ್ಣ

ಬಾಗಲಕೋಟೆಯ ನವನಗರದಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ಊರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಡೆಗೆ ಹೋಗುತ್ತದೆ ಅಂತ ಮನೆಯವರು ಇಲ್ಲಿಗೆ ಬಂದಿದ್ದರು. ಡಬ್ಬಿ ಅರ್ಧ ತಿಂದು ಮುಚ್ಚಿಡುತ್ತಿದ್ದಳು. "ಯಾಕವ್ವಾ?" ಅಂದರೆ "ಏನಿಲ್ರಿ ಅಕ್ಕೋರ" ಅಷ್ಟೇ. "ಹೊಸ ಮನಿ ಚಲೋ ಐತಲ್ಲ, ನಗು ನೋಡೂಣು" ಅನ್ನುತ್ತಿದ್ದೆ. ನಗುತ್ತಿದ್ದಳು, ನಾನು ಹೇಳಿದೆ ಅಂತ.

ಆಗ ನೆನಪಾಗಿದ್ದು 2015ರಲ್ಲಿ ಬಂದ ಕಾರ್ಟೂನ್ ಸಿನಿಮಾ, ಪಿಕ್ಸಾರ್‌ನ 'ಇನ್‌ಸೈಡ್ ಔಟ್'. 11 ವರ್ಷದ ರೈಲಿ ಮಿನೆಸೋಟಾ ಬಿಟ್ಟು ಅಪ್ಪ ಅಮ್ಮನ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಾಳೆ. ಕತೆ ಜಾಸ್ತಿ ನಡೆಯುವುದು ಅವಳ ತಲೆಯೊಳಗೇ. ಅಲ್ಲಿ ಐದು ಭಾವನೆಗಳಿವೆ, ಒಂದೊಂದು ನೆನಪೂ ಒಂದೊಂದು ಬಣ್ಣದ ಗೋಲಿ. ಊರು ಬಿಟ್ಟ ಸಂಕಟ ಏನು ಅಂತ ಹಿನ್ನೀರಿಗೆ ಊರು ಕೊಟ್ಟ ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಾ?

ಎರಡು ಶನಿವಾರ ತೋರಿಸಿದೆ. ಇಂಗ್ಲಿಷ್ ಆದ್ದರಿಂದ ನಿಲ್ಲಿಸಿ ನಿಲ್ಲಿಸಿ ಹೇಳಬೇಕಾಯಿತು. ಮಕ್ಕಳು ಕೆಂಪು ಬಣ್ಣದವನಿಗೆ ಸಿಟ್ಟಪ್ಪ, ನೇರಳೆಯವನಿಗೆ ಅಂಜುಬುರುಕ ಅಂತ ಹೆಸರಿಟ್ಟರು. ಒಂದು ದೃಶ್ಯವನ್ನು ಮಾತ್ರ ಎರಡು ಸಲ ಹಾಕಿದೆ. ರೈಲಿ ಚಿಕ್ಕವಳಿದ್ದಾಗ ಕಲ್ಪಿಸಿಕೊಂಡಿದ್ದ ಗೆಳೆಯ ಬಿಂಗ್ ಬಾಂಗ್ ತನ್ನ ಬಂಡಿ ಕಳೆದುಕೊಂಡು ಕುಸಿದು ಕೂರುತ್ತಾನೆ. ಖುಷಿ ಎಂಬ ಹಳದಿ ಹುಡುಗಿ ಅವನನ್ನು ನಗಿಸಲು ಏನೇನೋ ಮಾಡುತ್ತಾಳೆ. ಆಗುವುದಿಲ್ಲ. ನೀಲಿ ಬಣ್ಣದ ದುಃಖ ಸುಮ್ನೆ ಪಕ್ಕದಲ್ಲಿ ಕೂತು ಅವನ ಮಾತು ಕೇಳುತ್ತಾಳೆ. ಅವನು ಅತ್ತು, ಎದ್ದು ನಡೆಯುತ್ತಾನೆ. ಎರಡನೇ ಸಲ ನೋಡುವಾಗ ನನಗೇ ನಾಚಿಕೆಯಾಯಿತು. ಆ ಹಳದಿ ಹುಡುಗಿ ನಾನೇ ಅಲ್ವಾ?

ಆಮೇಲೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ದೊಡ್ಡ ಗೋಲಿ ಬರೆದು ಒಳಗೆ ಒಂದು ನೆನಪಿನ ಚಿತ್ರ ಬಿಡಿಸಿ, ಬಣ್ಣ ಹಚ್ಚಿ ಅಂದೆ. "ಒಂದೇ ಬಣ್ಣ" ಅಂತಲೂ ಹೇಳಿದ್ದೆ. ಅದು ನನ್ನ ತಪ್ಪು. ಈ ಹುಡುಗಿ ಹಳದಿ ಕ್ರೆಯಾನ್ ಹಿಡಿದುಕೊಂಡು ಕೂತೇ ಇದ್ದಳು. "ಎರಡ್ ಹಚ್ಚಲೇನ್ರಿ?" ಅಂದಳು. ಹಚ್ಚು ಅಂದೆ. ಹಳೇ ಮನೆ, ಕಟ್ಟೆ, ಬೇವಿನಗಿಡ ಬರೆದು, ಅರ್ಧ ಹಳದಿ, ಅರ್ಧ ನೀಲಿ ಹಚ್ಚಿದಳು. ಕೊನೆಯಲ್ಲಿ ರೈಲಿ ಅಪ್ಪ ಅಮ್ಮನ ಮುಂದೆ ಅತ್ತಾಗ ಹುಟ್ಟುವ ಗೋಲಿಯೂ ಹೀಗೇ ಎರಡು ಬಣ್ಣದ್ದು. ಈ ಸಲ ನಗು ಅನ್ನಲಿಲ್ಲ. ಪಕ್ಕದಲ್ಲಿ ಕೂತೆ. ಅವಳು ಕಟ್ಟೆ ಮೇಲೆ ಕೂರುತ್ತಿದ್ದ ಅಜ್ಜಿಯ ಸುದ್ದಿ ಹೇಳಿದಳು. ನನಗೂ ಹಳೇ ಬಾಗಲಕೋಟೆಯ ನಮ್ಮ ಓಣಿ ನೆನಪಾಯಿತು. ನೀರು ಬಂದಾಗ ನನಗೆ ಹತ್ತು ವರ್ಷ. "ಅಳಬ್ಯಾಡ" ಅಂದವರೇ ಎಲ್ಲ.

ಸಿನಿಮಾದಲ್ಲಿರುವಂತೆ ನೆನಪು ಗೋಲಿಯಾಗಿ ಕಪಾಟಿನಲ್ಲಿ ಕೂತಿರುವುದಿಲ್ಲ, ಅದು ಬೇರೆ ಮಾತು. ಪ್ರತಿ ಸಲ ನೆನೆಸಿಕೊಂಡಾಗಲೂ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ. ಕಟ್ಟುವಾಗ ಅಷ್ಟಿಷ್ಟು ಬದಲಾಗಲೂಬಹುದು. ಮನಸ್ಸು ಕಲಕಿದ ಘಟನೆ ಗಟ್ಟಿಯಾಗಿ ಉಳಿಯುವುದು ಮಾತ್ರ ನಿಜ.

ಪಾಲಕರ ಸಭೆಗೆ ಅವಳ ಅಪ್ಪ ಬಂದಿದ್ದರು. "ಮನ್ಯಾಗ ಊರ ಹೆಸರ ಎತ್ತಂಗಿಲ್ರಿ, ಅಳತಾಳ" ಅಂದರು. ದಿನಾ ಊಟದ ಹೊತ್ತಿಗೆ ಊರಿನದೇ ಒಂದು ಮಾತು ಕೇಳಿ, ಅತ್ತರೆ ಅಳಲಿ ಅಂತ ಹೇಳಿ ಗೋಡೆಯ ಮೇಲಿದ್ದ ಹಾಳೆ ತೋರಿಸಿದೆ. ತುಂಬಾ ಹೊತ್ತು ನೋಡಿದರು.

"ಬೇವಿನಗಿಡ ಬಲಕ್ಕಿತ್ತಲ್ಲವಾ?"

"ಇಲ್ಲಪಾ, ಎಡಕ್ಕ!"

ಇಬ್ಬರೂ ಗೇಟಿನ ತನಕ ಜಗಳಾಡುತ್ತಲೇ ಹೋದರು.