ಹಳೇ ಕಂಪ್ಯೂಟರ್ ಮೋಡಕಾಕ್ಕೆ ಹಾಕುವ ಮುಂಚೆ

ಬೆಳಗಾವಿಯ ಗಲ್ಲಿಯಲ್ಲಿ ಮೋಡಕಾ (ಗುಜರಿ) ಗಾಡಿ ಕೂಗಿದಾಗ ಅಟ್ಟದ ಮೇಲಿನ ಹಳೇ ಸಿಪಿಯು ನೆನಪಾಗುತ್ತದೆ, ಅಲ್ವಾ? ತೂಕಕ್ಕೆ ಹಾಕಿ ಕೈ ತೊಳೆದುಕೊಳ್ಳುವ ಮುಂಚೆ ಸ್ವಲ್ಪ ತಡೆಯಿರಿ. ಅದರೊಳಗೆ ನಿಮ್ಮ ಆಧಾರ್, ಪಾಸ್‌ಬುಕ್ಕಿನ ಸ್ಕ್ಯಾನ್, ಮದುವೆ ಫೋಟೊ ಎಲ್ಲಾ ಇವೆ.

ಮೊದಲು ಆನ್ ಮಾಡಿ ನೋಡಿ. ಆನ್ ಆಗಿ, 4 ಜಿಬಿ ರ‍್ಯಾಮ್ ಇದ್ದರೆ ಅದಕ್ಕಿನ್ನೂ ಕೆಲಸವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ (ಅಪ್‌ಡೇಟ್ ಕೊಡುವುದು) ನಿಂತಿತು, ನಿಜ. ಅಷ್ಟಕ್ಕೇ ಬಿಸಾಡಬೇಕಿಲ್ಲ. ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್ ಮಿಂಟ್, ಲುಬುಂಟು ಪುಕ್ಕಟೆ ಸಿಗುತ್ತವೆ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇರುವ ಊರಿದು. ಗೊತ್ತಿರುವ ಎಂಜಿನಿಯರಿಂಗ್ ಹುಡುಗನಿಗೆ 'ಹಾಕಿಕೊಡು ತಮ್ಮಾ' ಅಂದರೆ ಆಯಿತು.

ಆದರೆ ಅದಕ್ಕೂ ಮುಂಚೆ ಡಿಸ್ಕ್ ಅಳಿಸಬೇಕು. ಅಳಿಸುವ ಮೊದಲು ಬೇಕಾದ ಫೈಲ್‌ಗಳನ್ನು ಬೇರೆಡೆ ಕಾಪಿ ಮಾಡಿಕೊಳ್ಳಿ. ಸುಮ್ನೆ ಡಿಲೀಟ್ ಮಾಡಿದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಸಾಲದು. ಫೈಲ್ ಎಲ್ಲಿದೆ ಎನ್ನುವ ಪಟ್ಟಿ ಹೋಗುತ್ತದೆ, ಫೈಲ್ ಅಲ್ಲೇ ಕೂತಿರುತ್ತದೆ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್‌ನ ರಿಕವರಿಗೆ ಹೋಗಿ 'ರೀಸೆಟ್ ದಿಸ್ ಪಿಸಿ', ಆಮೇಲೆ 'ರಿಮೂವ್ ಎವೆರಿಥಿಂಗ್' ಒತ್ತಿ. ಮುಂದೆ 'ಚೇಂಜ್ ಸೆಟ್ಟಿಂಗ್ಸ್' ತೆರೆದು 'ಕ್ಲೀನ್ ಡೇಟಾ' ಆನ್ ಮಾಡಿ. ಅಲ್ಲೇ ಎಲ್ಲಾ ಡ್ರೈವ್‌ಗಳನ್ನೂ ಅಳಿಸುವ ಆಯ್ಕೆ ಇದೆ, ಅದನ್ನೂ ಆನ್ ಮಾಡಿ. ನಮ್ಮಲ್ಲಿ ಫೋಟೊ ಎಲ್ಲಾ ಇರುವುದು ಡಿ ಡ್ರೈವ್‌ನಲ್ಲೇ! ಇದಕ್ಕೆ ತಾಸುಗಟ್ಟಲೆ ಹಿಡಿಯಬಹುದು. ರಾತ್ರಿ ಹಚ್ಚಿಟ್ಟು ಮಲಗಿ. ಕಂಪ್ಯೂಟರ್ ಆನ್ ಆಗದಿದ್ದರೆ ಹಾರ್ಡ್ ಡಿಸ್ಕ್ ಬಿಚ್ಚಿ, ಒಳಗಿನ ತಟ್ಟೆಗೆ ಡ್ರಿಲ್ ಹಾಕಿಸಿ. ಕೆಲವು ತಟ್ಟೆ ಗಾಜಿನವು, ಕಣ್ಣು ಜೋಪಾನ.

ಶಾಲೆಗೆ ಕೊಡುವುದಾದರೆ ಹೆಡ್ ಮಾಸ್ತರರನ್ನೂ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರನ್ನೂ ಮೊದಲೇ ಕೇಳಿ. ದಾನ ಬಂದ ದನದ ಹಲ್ಲು ಎಣಿಸಬಾರದು ಅಂತಾರೆ. ಇಲ್ಲಿ ಮಾತ್ರ ಎಣಿಸಲಿ ಬಿಡಿ. ಕೀಬೋರ್ಡ್, ಮೌಸ್, ಪವರ್ ಕೇಬಲ್ ಜೊತೆಗಿರಲಿ, ಅಲ್ಲೇ ಒಮ್ಮೆ ಆನ್ ಮಾಡಿ ತೋರಿಸಿ. ಕೆಟ್ಟ ಮಾನಿಟರ್ ಕೊಟ್ಟರೆ ನಿಮ್ಮ ಅಟ್ಟದ ಕಸ ಶಾಲೆಯ ಮೂಲೆಗೆ ಹೋಯಿತು, ಅಷ್ಟೇ.

ಪೂರ್ತಿ ಕೆಟ್ಟದ್ದನ್ನು ನೋಂದಾಯಿತ ರೀಸೈಕ್ಲರ್‌ಗೇ ಕೊಡಬೇಕು. ಇ-ತ್ಯಾಜ್ಯದ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ರೀಸೈಕ್ಲರ್‌ಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಮಂಡಳಿಯ ಇ-ತ್ಯಾಜ್ಯ ಪೋರ್ಟಲ್‌ನಲ್ಲಿ ಹೆಸರು ಹುಡುಕಿ ನೋಡಿ. ಕಂಪ್ಯೂಟರ್ ಕಂಪನಿಯ ಗ್ರಾಹಕ ಸೇವೆಗೂ ಒಂದು ಫೋನ್ ಹಚ್ಚಿ, ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಕೇಳಿ. ಮೋಡಕಾದಲ್ಲಿ ಹೆಚ್ಚಾಗಿ ಏನಾಗುತ್ತದೆ? ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಬೋರ್ಡನ್ನು ಆಸಿಡ್‌ಗೆ ಹಾಕುತ್ತಾರೆ. ಹಳೇ ದಪ್ಪ ಮಾನಿಟರ್‌ನ ಗಾಜಿನಲ್ಲಂತೂ ಸೀಸವಿದೆ, ಒಡೆಯಲೇಬೇಡಿ.

ಯುಪಿಎಸ್ ಬ್ಯಾಟರಿಯನ್ನು ಬೇರೆ ತೆಗೆದಿಡಿ. ಹೊಸದು ಕೊಳ್ಳುವಾಗ ಬ್ಯಾಟರಿ ಅಂಗಡಿಯವರೇ ಹಳೆಯದನ್ನು ತೆಗೆದುಕೊಂಡು ಹೊಸದರ ಬೆಲೆಯಲ್ಲಿ ರೊಕ್ಕ ಮುರಿದುಕೊಳ್ಳುತ್ತಾರೆ. ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಬಿಸಿಲಿಗೂ ಇಡಬೇಡಿ. ಬೆಂಕಿ ಹತ್ತಬಹುದು.

ಅಂಗಡಿ ಅಥವಾ ಸೊಸೈಟಿಯ ಕಂಪ್ಯೂಟರ್ ಆದರೆ ರಸೀದಿ ಇಸಿದುಕೊಳ್ಳಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ. ಆಡಿಟ್‌ನವರು ಕೇಳುವುದು ಅದನ್ನೇ.