ಚಳಿ ಇರಲಿ, ಒದ್ದೆ ಬೇಡ

ಡಿಸೆಂಬರ್ ಬಂತು ಅಂದರೆ ಭಾನುವಾರ ಬೆಳಗಿನ ಜಾವ ನಾಲ್ಕಕ್ಕೇ ನಮ್ಮೂರ ರಸ್ತೆಯಲ್ಲಿ ಕಾರುಗಳ ಸಾಲು. ಎಲ್ಲ ಬೆಂಗಳೂರಿನವರು. ನಂದಿ ಬೆಟ್ಟದ ಮೇಲೆ ನಿಂತು, ಕಾಲ ಕೆಳಗೆ ಮಂಜು ತೇಲುವುದನ್ನು ನೋಡಬೇಕು ಅವರಿಗೆ. 1,478 ಮೀಟರ್ ಎತ್ತರದಿಂದ ಅದು ಹಿಂಜಿದ ಹತ್ತಿಯ ಹಾಗೆ ಕಾಣುತ್ತದಂತೆ. ಆ ಹತ್ತಿಯ ಒಳಗೇ ನಮ್ಮ ಊರು ಇದೆ. ನಮ್ಮ ಮನೆ, ಹಿಪ್ಪುನೇರಳೆ ಸೊಪ್ಪಿನ ತೋಟ, ರೇಷ್ಮೆ ಹುಳುಮನೆ ಎಲ್ಲ ಅಲ್ಲೇ. ಒಳಗಿರುವವರಿಗೆ ಅದು ಹತ್ತಿಯಲ್ಲ, ಬರೀ ಒದ್ದೆ.

ಹೋದ ವರ್ಷ ನಾಲ್ಕು ಹುಡುಗರು ನಮ್ಮ ತೋಟದ ಹತ್ತಿರ ಗಾಡಿ ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಿದ್ದರು. "ಆಂಟಿ, ಪುಣ್ಯ ಮಾಡಿದ್ರಿ ಬಿಡಿ, ದಿನಾ ಈ ಮಂಜು ನೋಡ್ತೀರ" ಅಂದ ಒಬ್ಬ. ನಾನು ಆಗ ಒಂದು ಎಲೆ ಕಿತ್ತು ಕೆನ್ನೆಗೆ ಒತ್ತಿಕೊಂಡು ನಿಂತಿದ್ದೆ. ಇವಳಿಗೇನೋ ಆಗಿದೆ ಅಂದುಕೊಂಡಿರಬೇಕು ಪಾಪ. ಎಲೆ ಒಣಗಿದೆಯೋ ಇಲ್ಲವೋ ಅಂತ ನಾನು ನೋಡುವುದೇ ಹಾಗೆ. ಗದ್ದೆ ಕೆಲಸ ಮಾಡಿ ದಪ್ಪಗಾದ ಬೆರಳಿಗೆ ತಿಳಿಯದ ತೇವ ಕೆನ್ನೆಗೆ ತಿಳಿಯುತ್ತದೆ.

ನಾನು ರೇಷ್ಮೆ ಹುಳು ಸಾಕುತ್ತೇನೆ. ಮದುವೆಯಾಗಿ ಈ ಊರಿಗೆ ಬಂದಾಗ ನಮ್ಮತ್ತೆ ಮನೆಯೊಳಗೇ ಬಿದಿರಿನ ತಟ್ಟೆಯಲ್ಲಿ ಮಿಶ್ರತಳಿ ಸಾಕುತ್ತಿದ್ದರು. ಹಳದಿ ಗೂಡು. ಈಗ ಬೇರೆ ಹುಳುಮನೆ ಕಟ್ಟಿದ್ದೇವೆ, ಬೈವೋಲ್ಟೈನ್ ಅನ್ನುವ ತಳಿ ಸಾಕುತ್ತೇವೆ, ಬಿಳಿ ಗೂಡು. ಒಂದು ಎಕರೆ ವಿ-1 ತಳಿಯ ಸೊಪ್ಪಿದೆ. ಒಂದು ಬೆಳೆಗೆ 150 ಮೊಟ್ಟೆ. ಒಂದು ಚಿಟ್ಟೆ ಇಡುವ ನೂರಾರು ಮೊಟ್ಟೆಯನ್ನು ನಾವು ಒಂದು ಮೊಟ್ಟೆ ಅಂತಲೇ ಲೆಕ್ಕ ಹಾಕುವುದು. ಎಳೆ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡು ಜ್ವರ ಕಳೆದ ಹುಳು ತರುತ್ತೇವೆ. ಹುಳು ಚರ್ಮ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ಒಟ್ಟು ನಾಲ್ಕು ಜ್ವರ. ನಾಲ್ಕನೆಯದು ಎದ್ದ ಮೇಲೆ ಏಳೆಂಟು ದಿನ ಹುಳು ತಿನ್ನುತ್ತದೆ ನೋಡಿ, ಮಳೆ ಬಿದ್ದ ಹಾಗೆ ಸದ್ದು. ಇಡೀ ಬೆಳೆಯ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗ ಆ ಕೊನೆಯ ದಿನಗಳಲ್ಲೇ ಖರ್ಚು.

ಐದು ವರ್ಷದ ಹಿಂದೆ, ಸಂಕ್ರಾಂತಿಗೆ ಇನ್ನೇನು ವಾರ ಇದೆ ಅನ್ನುವಾಗ, ಸರಿಯಾಗಿ ನಾಲ್ಕನೇ ಜ್ವರ ಎದ್ದ ದಿನ ಮಂಜು ಕವಿಯಿತು. ಹತ್ತು ಗಂಟೆಯಾದರೂ ಬಿಸಿಲಿಲ್ಲ. ಹಾಗೆ ಮೂರು ದಿನ. ಹುಳು ತಲೆ ಎತ್ತಿ ಸೊಪ್ಪು ಹುಡುಕುತ್ತಿತ್ತು. ಹಸಿದ ಮಗುವಿನ ಮುಂದೆ ಎಷ್ಟು ಹೊತ್ತು ಕಾಯುತ್ತೀರಿ? ನೀರು ತೊಟ್ಟಿಕ್ಕುವ ಸೊಪ್ಪನ್ನೇ ಒಂದೆರಡು ಸಲ ಕೊಡವಿ ಹಾಕಿಬಿಟ್ಟೆ. ಚಳಿ ಅಂತ ಕಿಟಕಿಗಳನ್ನೆಲ್ಲ ಮುಚ್ಚಿದೆ. ಸಂದಿಗೆ ಗೋಣಿಚೀಲವನ್ನೂ ತುರುಕಿದೆ. ಒಳ್ಳೆಯದೇ ಮಾಡುತ್ತಿದ್ದೇನೆ ಅನ್ನುವ ಧೈರ್ಯ ಬೇರೆ.

ಆರನೇ ದಿನ ಒಂದು ಮೂಲೆಯಲ್ಲಿ ಹತ್ತಿಪ್ಪತ್ತು ಹುಳು ಅಲ್ಲಾಡಲಿಲ್ಲ. ಮುಟ್ಟಿದರೆ ಗಟ್ಟಿ. ಮಾರನೇ ದಿನಕ್ಕೆ ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗಾಗಿದ್ದವು. ನಮ್ಮತ್ತೆ ಬಾಗಿಲಲ್ಲೇ ನಿಂತು ನೋಡಿ, "ಸುಣ್ಣಕಟ್ಟು ಕಣಮ್ಮ" ಅಂದರು. ಇನ್ನೇನೂ ಹೇಳಲಿಲ್ಲ. 100 ಕೆ.ಜಿ. ಮೇಲೆ ಗೂಡು ಬರಬೇಕಿದ್ದ ಬೆಳೆಯಲ್ಲಿ ನನಗೆ ಸಿಕ್ಕಿದ್ದು 38.

ಸುಣ್ಣಕಟ್ಟು ಒಂದು ಬೂಷ್ಟು ರೋಗ. ಹುಳು ಅದನ್ನು ತಿನ್ನಲೇಬೇಕು ಅಂತಿಲ್ಲ. ಬೂಷ್ಟಿನ ಪುಡಿ ಮೈಮೇಲೆ ಬಿದ್ದರೆ ಸಾಕು. ತೇವ ಇದ್ದರೆ ಮೊಳೆತು, ಚರ್ಮ ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ತಂಪು ಮತ್ತು ತೇವ ಎರಡೂ ಸೇರಿದರೆ ಅದಕ್ಕೆ ಹಬ್ಬ. ಸತ್ತ ಹುಳು ಬೆಳ್ಳಗಾದ ಮೇಲೆ ಆ ಬಿಳಿ ಪುಡಿ ಗಾಳಿಯಲ್ಲಿ ಹಾರಿ ಇಡೀ ಮನೆಗೆ ಹರಡುತ್ತದೆ. ಅದಕ್ಕೇ ಹುಳು ಬೆಳ್ಳಗಾಗುವ ಮೊದಲೇ, ಬರೀ ಗಟ್ಟಿಯಾದಾಗಲೇ, ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಬೇಕು. ಆಮೇಲೆ ಸುಡಬೇಕು. ಇದು ಆಗ ನನಗೆ ಗೊತ್ತಿರಲಿಲ್ಲ. ಬೆಳ್ಳಗಾದ ಹುಳುಗಳನ್ನು ಪೊರಕೆಯಲ್ಲಿ ಗುಡಿಸಿದ್ದೆ. ಗುಡಿಸಿದ್ದಲ್ಲ ಅದು, ಬಿತ್ತಿದ್ದು.

ಮುಂದಿನ ಚಳಿಗಾಲಕ್ಕೆ ಮೊದಲು ಬದಲಾಯಿಸಿದ್ದು ಸೊಪ್ಪು ಕೊಯ್ಯುವ ಹೊತ್ತು. ಇದು ಹೇಳುವಷ್ಟು ಸುಲಭ ಅಲ್ಲ. ಎಲ್ಲರೂ ಬೆಳಗ್ಗೆ ತಂಪು ಹೊತ್ತಿನಲ್ಲಿ ಕೊಯ್ಯುತ್ತಾರೆ. ಕೂಲಿಯವರು ಬರುವುದೂ ಆಗಲೇ. ಮಂಜಿನ ಕಾಲದಲ್ಲಿ ಸೊಪ್ಪು ಒಣಗಿರುವುದು ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ. ಆ ಹೊತ್ತಿಗೆ ಕೂಲಿಗೆ ಯಾರೂ ಸಿಗಲ್ಲ. ಹಾಲು ಕರೆದು ಡೇರಿಗೆ ಹಾಕುವ ಸಮಯ ಅದು. ಹಾಗಾಗಿ ನಾನು, ನಮ್ಮ ಯಜಮಾನರು, ಇಬ್ಬರೇ ಕುಡುಗೋಲು ಹಿಡಿದೆವು. ರಾತ್ರಿ ಹತ್ತರ ಮೇವಿಗೂ ಮಾರನೇ ಬೆಳಗಿನ ಆರರ ಮೇವಿಗೂ ಆಗುವಷ್ಟು ಸೊಪ್ಪನ್ನು ಕಡ್ಡಿ ಸಮೇತ ಕೊಯ್ದು, ಸಡಿಲವಾಗಿ ಕಟ್ಟಿ, ಸೊಪ್ಪಿನ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ರಾಶಿ ಹಾಕಿದರೆ ಒಳಗೊಳಗೇ ಬಿಸಿಯಾಗುತ್ತದೆ. ಮಧ್ಯಾಹ್ನ ಎರಡರ ಮೇವಿಗೆ ಮಾತ್ರ ಅದೇ ದಿನದ ಸೊಪ್ಪು, ಅದೂ ಕೆನ್ನೆ ಒಪ್ಪಿದ ಮೇಲೆ. ಒಪ್ಪದಿದ್ದರೆ ಜಗಲಿಯಲ್ಲಿ ಹರಡಿ ಫ್ಯಾನು ಹಾಕುತ್ತೇನೆ. ಒಂದು ಮೇವು ತಡವಾದರೆ ಹುಳು ಸಾಯಲ್ಲ. ಅದನ್ನು ನಂಬಲು ನನಗೆ ಎರಡು ಬೆಳೆ ಬೇಕಾಯಿತು.

ಇನ್ನು ಶಾಖ. ಕೊನೆಯ ಹಂತದ ಹುಳುವಿಗೆ 24-25 ಡಿಗ್ರಿ ಇದ್ದರೆ ಚೆನ್ನ. 20ಕ್ಕಿಂತ ಕೆಳಗೆ ಹೋದರೆ ಮಂಕಾಗುತ್ತದೆ, ತಿನ್ನುವುದು ಕಡಿಮೆ, ದಿನ ಜಾಸ್ತಿ. ನಮ್ಮಲ್ಲಿ ಜನವರಿಯ ಬೆಳಗಿನ ಜಾವ ಹೊರಗಿನ ಥರ್ಮಾಮೀಟರ್ 12-13 ತೋರಿಸುತ್ತದೆ. ಮೊದಲು ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಚ್ಚಿ ಒಳಗಿಡುತ್ತಿದ್ದೆವು. ಒಂದು ರಾತ್ರಿ ಎಲ್ಲ ಮುಚ್ಚಿಕೊಂಡು ಮೇವು ಹಾಕುತ್ತಿದ್ದಾಗ ತಲೆ ಸುತ್ತಿ ಅಲ್ಲೇ ಕೂತುಬಿಟ್ಟೆ. ಯಜಮಾನರು ಬಾಗಿಲು ತೆಗೆದು ಹೊರಗೆ ಎಳೆದುಕೊಂಡು ಬಂದರು. ಇದ್ದಿಲ ಗಾಳಿಗೆ ವಾಸನೆ ಇಲ್ಲ, ಅದೇ ಅದರ ಮೋಸ. ಮನುಷ್ಯರಿಗೇ ಹೀಗಾದರೆ ಹುಳುವಿನ ಗತಿ? ಈಗ ಕರೆಂಟಿನ ಹೀಟರ್ ಇದೆ. ಕರೆಂಟು ಕೈಕೊಟ್ಟ ರಾತ್ರಿ ಮಾತ್ರ ಅಗ್ಗಿಷ್ಟಿಕೆ. ಅದನ್ನೂ ಹೊರಗೇ ಕೆಂಪಗೆ ಕೆಂಡ ಮಾಡಿ ಒಳಗೆ ತರುವುದು, ಮೇಲಿನ ಗವಾಕ್ಷಿ ತೆರೆದೇ ಇರುವುದು, ಒಳಗೆ ಯಾರೂ ಮಲಗದಿರುವುದು.

ಗವಾಕ್ಷಿ ತೆರೆದರೆ ಶಾಖ ಹೋಗುತ್ತದಲ್ಲ ಅಂತ ನಮ್ಮ ಓರಗಿತ್ತಿ ಈಗಲೂ ಜಗಳ ಆಡುತ್ತಾಳೆ. ಹೋಗುತ್ತದೆ, ನಿಜ. ಆದರೆ ಸೊಪ್ಪಿನಿಂದ, ಹಿಕ್ಕೆಯಿಂದ, ಅಷ್ಟು ಸಾವಿರ ಹುಳುವಿನ ಉಸಿರಿನಿಂದ ಬರುವ ತೇವವೂ ಅಲ್ಲಿಂದಲೇ ಹೋಗಬೇಕು. ನಮ್ಮದು ಶೀಟಿನ ಮನೆ. ಒಳಗೆ ಬೆಚ್ಚಗೆ, ಹೊರಗೆ ಮಂಜು. ಬೆಳಗ್ಗೆ ನೋಡಿದರೆ ಶೀಟಿನ ಒಳಮೈಯೆಲ್ಲ ಬೆವರಿ ಹುಳುವಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮಳೆ ಇಲ್ಲದೆ ಸೋರುವ ಮನೆ! ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಒಳಗೆ ಒಂದು ಅಡಿ ಕೆಳಗೆ ಟಾರ್ಪಾಲು ಕಟ್ಟಿದ ಮೇಲೆ ಅದು ನಿಂತಿತು.

ಹುಳು ಮೇಯುವ ಸೊಪ್ಪಿನ ಹಾಸಿಗೆ ಒದ್ದೆ ಅನ್ನಿಸಿದರೆ ಸುಣ್ಣದ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೇಲಿನಿಂದ ಉದುರಿಸುತ್ತೇನೆ. ಅರ್ಧ ಗಂಟೆ ಬಿಟ್ಟು ಮೇವು. ಜ್ವರ ಎದ್ದಾಗ ರೋಗ ತಡೆಯುವ ಪುಡಿ ಬೇರೆ, ಅದನ್ನು ತಪ್ಪಿಸಲ್ಲ.

ನನ್ನ ಮಗಳು ಶಿಕಾಗೊದಲ್ಲಿದ್ದಾಳೆ. ಚಳಿಗಾಲದಲ್ಲಿ ನಮಗೂ ಅವರಿಗೂ ಹನ್ನೊಂದೂವರೆ ಗಂಟೆ ಅಂತರ. ಇಲ್ಲಿ ಬೆಳಗ್ಗೆ ಏಳಕ್ಕೆ, ಅಲ್ಲಿ ಹಿಂದಿನ ಸಂಜೆ ಏಳೂವರೆ. ಹೋದ ಜನವರಿಯಲ್ಲಿ ವಿಡಿಯೊದಲ್ಲಿ ಮನೆಯ ಮೆಟ್ಟಿಲ ಮೇಲೆ ಏನೋ ಚೆಲ್ಲುತ್ತಿದ್ದಳು. "ಏನಮ್ಮ ಅದು, ರಂಗೋಲಿನಾ?" ಅಂದೆ. "ಉಪ್ಪು ಅಮ್ಮಾ. ಉಪ್ಪು ಹಾಕಿದ್ರೆ ಐಸು ಕರಗುತ್ತೆ. ಇಲ್ಲಾಂದ್ರೆ ಜಾರಿ ಬೀಳೋದೇ" ಅಂದಳು. ತೀರಾ ಚಳಿಯಾದರೆ ಉಪ್ಪೂ ಕೆಲಸ ಮಾಡಲ್ಲವಂತೆ. ಮನೆ ಮುಂದಿನ ಕಾಲುದಾರಿಯ ಹಿಮವನ್ನು ಮನೆಯವರೇ ಸಲಿಕೆಯಲ್ಲಿ ಎತ್ತಬೇಕಂತೆ. ನನ್ನ ಕೈಯಲ್ಲಿ ಸುಣ್ಣದ ಗಂಟು, ಅವಳ ಕೈಯಲ್ಲಿ ಉಪ್ಪಿನ ಡಬ್ಬ. ಮೊದಲ ವರ್ಷ ಅವಳೂ ಹಿಮದ ಫೋಟೊ ಕಳಿಸಿ ಕಳಿಸಿ ನನ್ನ ಫೋನು ತುಂಬಿಸಿದ್ದಳು. ಈಗ ಒಂದೂ ಇಲ್ಲ.

ಹಾಗಂತ ಚಳಿಗಾಲವನ್ನು ಬೈದರೆ ನಾಲಿಗೆಗೆ ಒಳ್ಳೆಯದಲ್ಲ. ಬೈವೋಲ್ಟೈನ್ ಹುಳುವಿಗೆ ಬೇಸಿಗೆಗಿಂತ ತಂಪೇ ವಾಸಿ. ಏಪ್ರಿಲ್ ಸೆಕೆಯಲ್ಲಿ ಹಾಲು ರೋಗ ಬಂದು ಬೆಳೆ ಹೋದವರು ನಮ್ಮ ಬೀದಿಯಲ್ಲೇ ಇದ್ದಾರೆ. ತೇವ ಒಂದನ್ನು ಹೊರಗಿಟ್ಟರೆ, ಚಳಿಗಾಲದ ಗೂಡು ಕೈಯಲ್ಲಿ ಹಿಡಿದಾಗಲೇ ಗೊತ್ತಾಗುತ್ತದೆ, ಗಟ್ಟಿ, ತೂಕ. ಹುಳುವಿಗೆ ಬೇಡದ್ದು ಅವರೆಗೆ ಬೇಕು, ಅದೊಂದು ತಮಾಷೆ. ಮಂಜು ಬಿದ್ದರೇ ಸೊಗಡು ಅನ್ನುತ್ತಿದ್ದರು ನಮ್ಮತ್ತೆ. ಮಂಜಿಲ್ಲದ ವರ್ಷದ ಹಿದುಕಿದ ಬೇಳೆ ಸಾರನ್ನು ಬಾಯಿಗಿಟ್ಟು "ಇದೇನು, ಆಸ್ಪತ್ರೆ ಸಾರು" ಅಂದವರು ಅವರು. ಎಚ್‌.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ಬಂದು ಕೆರೆ ತುಂಬಿದ ಮೇಲೆ ಮಂಜು ಜಾಸ್ತಿ ಆಗಿದೆ ಅಂತ ಯಜಮಾನರ ವಾದ. ಇರಬಹುದೇನೋ, ಅವರು ಎಲ್ಲದಕ್ಕೂ ಕೆರೆಯನ್ನೇ ತೋರಿಸುತ್ತಾರೆ.

ತಿನ್ನುವುದು ಮುಗಿಸಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಮೇಲೂ ಮಂಜಿನ ಕಾಟ ಮುಗಿಯಲ್ಲ. ಗೂಡು ಕಟ್ಟುವ ಮುಂಚೆ ಹುಳು ಮೂತ್ರ ಬಿಡುತ್ತದೆ, ಅದೂ ತೇವ. ಆಗ ಗಾಳಿ ಆಡದಿದ್ದರೆ ಗೂಡು ಚೆನ್ನಾಗಿ ಕಂಡರೂ ನೂಲು ಸರಾಗವಾಗಿ ಬಿಚ್ಚಲ್ಲ. ಮತ್ತೆ, ಚಳಿಯಲ್ಲಿ ಗೂಡು ಬಿಡಿಸಲು ಆತುರ ಪಡಬಾರದು. ಬೇಸಿಗೆಯ ಲೆಕ್ಕದಲ್ಲಿ ಬಿಡಿಸಿದರೆ ಒಳಗಿನ ಹುಳು ಇನ್ನೂ ಎಳೆಯದು, ಚೀಲದಲ್ಲಿ ಒಡೆದು ಗೂಡೆಲ್ಲ ಕಲೆ. ನಾನು ಎಂಟನೇ ದಿನದವರೆಗೆ ಕಾಯುತ್ತೇನೆ.

ಈ ಸಲದ ಬೆಳೆಯನ್ನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹಾಕಿದೆವು. ಗೂಡಿನಿಂದ ನೂಲು ತೆಗೆಸುವ ಒಬ್ಬ ರೀಲರ್ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಲೊಟಲೊಟ ಅಂತು. "ಮಂಜಿನ ಬೆಳೆ ಅಂತೀರ, ಗೂಡು ಒಣಗಿದೆಯಲ್ಲ ಅಕ್ಕಾ" ಅಂದರು. 112 ಕೆ.ಜಿ. ತೂಗಿತು.

ಮಾರನೇ ದಿನ ಎದ್ದರೆ ಹತ್ತು ಅಡಿ ಆಚೆಗೆ ಏನೂ ಕಾಣದಷ್ಟು ಮಂಜು. ಹುಳುಮನೆ ಖಾಲಿ, ತೊಳೆದು ಬಿಟ್ಟಿದ್ದೆವು. ಥರ್ಮಾಮೀಟರ್ ನೋಡಲಿಲ್ಲ. ಸೆರಗು ಕಟ್ಟಿಕೊಂಡು ಬದುವಿನ ಮೇಲಿನ ಅವರೆಕಾಯಿ ಬಿಡಿಸಲು ಹೋದೆ. ಮೊಣಕೈವರೆಗೂ ಒದ್ದೆ. ಕಾಯಿಯ ಜಿಡ್ಡು ಹತ್ತಿ ಬೆರಳೆಲ್ಲ ಸೊಗಡು. ಬೆಟ್ಟದ ಕಡೆ ಹಾರ್ನು ಕೇಳುತ್ತಿತ್ತು, ಕಾರು ಒಂದೂ ಕಾಣುತ್ತಿರಲಿಲ್ಲ. ಏಳಕ್ಕೆ ಮಗಳ ಫೋನು ಬಂತು. ಜಿಡ್ಡು ಬೆರಳಿಗೆ ಆ ಫೋನು ಎತ್ತಲು ಬರಲೇ ಇಲ್ಲ. ಬಡಿದುಕೊಳ್ಳಲಿ ಅಂತ ಬಿಟ್ಟು ಇನ್ನೊಂದು ಸಾಲು ಬಿಡಿಸಿದೆ.