ಆರಿಂಚಿನ ರೋಡು ನಾಕಿಂಚ ಯಾಕಾತು? ಜಮಾಬಂದ್ಯಾಗ ಟೇಪ್ ಹಿಡಿದ ನನ್ನ ಅನುಭವ

ಪಂಚಾಯ್ತಿ ರೋಡಿಗೆ ಟೇಪ್ ಹಿಡಿದು, ಜಮಾಬಂದ್ಯಾಗ (ಪಂಚಾಯ್ತಿ ವರ್ಷದ ಲೆಕ್ಕ ಓದೂ ಸಭಾದಾಗ) ಅದನ್ನ ತೋರಿಸಿ, ಗುತ್ತಿಗೆದಾರನಿಂದ ರೊಕ್ಕ ವಾಪಸ್ ಬರಿಸಿದ ಕಥಿ ಇದು. ಮೊದ್ಲ ಹೇಳಿಬಿಡ್ತೀನಿ, ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹೆಂಗ ಹಾಕೂದು ಅಂತ ಕಲಿಸಾಕ ನಾನು ಇದನ್ನ ಬರ್ಯಾಕತ್ತಿಲ್ಲ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ, ಮೇಲ್ಮನವಿ, ಇದೆಲ್ಲಾ ಇದನ್ನ ಓದೋರಿಗೆ ನನಗಿಂತ ಚಲೋ ಗೊತ್ತೈತಿ. ನಾನು ಬರ್ಯಾಕತ್ತಿದ್ದು ಯಾಕಂದ್ರ, ಎರಡು-ಮೂರು ವರ್ಷ "ನಿನ್ನ ಟೇಪಿನಿಂದ ಏನ್ ಕಿಸಿಯಾಕ ಆಗ್ತೈತೋ" ಅಂತ ನಕ್ಕಾರಲ್ಲ, ಅವ್ರಾಗ ಆರ್‌ಟಿಐ ಹಾಕಿ ಹಾಕಿ ಪಳಗಿದ ನಮ್ಮ ದೋಸ್ತರೂ ಇದ್ರು, ಅವ್ರ ಈಗ ಫೋನ್ ಹಚ್ಚಿ "ಹೆಂಗ ಮಾಡಿದ್ಯೋ ಮಾರಾಯಾ, ಸ್ವಲ್ಪ ಹೇಳು" ಅನ್ನಾಕತ್ತಾರ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾತು, ಅದಕ್ಕ ಒಂದ ಸಲ ಬರದ ಬಿಟ್ಟೀನಿ.

ನಾನು ಗೌಂಡಿ. ಹದಿನೆಂಟು ವರ್ಷ ಮನಿ ಕಟ್ಟಿದಾಂವ, ಈಗ ಸಣ್ಣಪುಟ್ಟ ಗುತ್ತಿಗಿ ಹಿಡೀತೀನಿ, ಸರ್ಕಾರಿ ಕೆಲಸ ಅಲ್ಲ, ಮಂದಿ ಮನಿ. ಬಾಗಲಕೋಟೆ ಜಿಲ್ಲಾದಾಗಿನ ಪಂಚಾಯ್ತಿ ನಮ್ದು, ಊರ ಹೆಸರು ಬ್ಯಾಡ, ಗೊತ್ತಿದ್ದೋರಿಗೆ ಗೊತ್ತೈತಿ.

2021ರಾಗ ನಾನು ಮಾಡಿದ ಮೊದಲನೇ ತಪ್ಪು ಎಲ್ಲಾರೂ ಮಾಡೂದ. ಐದು ವರ್ಷದ್ದು ಎಲ್ಲಾ ಕಾಮಗಾರಿ, ಎಲ್ಲಾ ಎಸ್ಟಿಮೇಟು, ಎಲ್ಲಾ ಎಂಬಿ (ಕೆಲಸದ ಅಳತಿ ಬರ್ಯೂ ಪುಸ್ತಕ), ಎಲ್ಲಾ ವೋಚರ್ ಕೊಡ್ರಿ ಅಂತ ಒಂದ ಅರ್ಜಿ. ಬರ್ಯೂಮುಂದ ಎದಿ ಉಬ್ಬಿತ್ತು, ಈಗ ಸಿಕ್ಕಿಬಿದ್ರು ಅಂತ. ಉತ್ತರ ಏನ್ ಬಂತು? ಒಂದು ಅರ್ಜಿಗೆ ಒಂದ ವಿಷಯ ಇರಬೇಕು, 150 ಶಬ್ದ ದಾಟಬಾರದು, ನಮ್ಮ ರಾಜ್ಯದ ನಿಯಮ ಐತಲ್ಲ, ಅದನ್ನ ಹಿಡಕೊಂಡು ವಾಪಸ್ ಬಂತು. ಆತು, ಒಡದು ಒಡದು ನಾಕು ಅರ್ಜಿ ಮಾಡಿದ್ನಿ. ಆಗ ಹಾಳಿಗೆ ಎರಡು ರೂಪಾಯಿ ಹಂಗ ಮೂರು ಸಾವಿರ ಚಿಲ್ರೆ ಹಾಳಿ, ಆರು ಸಾವಿರದ ಮ್ಯಾಲ ರೊಕ್ಕ ಕಟ್ರಿ ಅಂತ ಪತ್ರ. ಕಟ್ಟಿದ್ನಿ ನೋಡ್ರಿ, ಹುಚ್ಚಸೂಳಿಮಗ ನಾನು. ಗಂಟು ಬಂತು, ಅರ್ಧಕ್ಕರ್ಧ ಝರಾಕ್ಸ್ ಕರ್ರಗ, ಅಂಕಿ ಓದಾಕ ಬರಂಗಿಲ್ಲ. ಆ ಗಂಟು ಈಗೂ ಅಟ್ಟದ ಮ್ಯಾಗ ಐತಿ, ನಮ್ಮನ್ಯಾಕಿ ಅದರಾಗಿನ ಹಾಳಿ ಹರದು ಒಲಿ ಹಚ್ಚತಾಳ. ಒಂದು ಗಟಾರದ ಅರ್ಜಿಗೆ ಎರಡನೇ ಅಪೀಲು ತನಕ ಹೋದ್ನಿ, ಅದರ ತಾರೀಖು ಬರೂದ್ರಾಗ ವರ್ಷದ ಮ್ಯಾಲ ಆತು, ಅಷ್ಟೊತ್ತಿಗೆ ಆ ಗಟಾರದ ಮ್ಯಾಲ ಹೊಸ ಗಟಾರ ಕಟ್ಟಿ ಮುಗಿಸಿದ್ರು. ಏನ್ ತೋರಸ್ತೀರಿ?

ಆಗ ತಲ್ಯಾಗ ಬಂದಿದ್ದು ಇಷ್ಟ: ಕಾಗದದಾಗ ಅವ್ರು ನಮಗಿಂತ ಶಾಣ್ಯಾರು, ಕಾಂಕ್ರೀಟಿನಾಗ ನಾನು ಅವ್ರಿಗಿಂತ ಶಾಣ್ಯಾ. ಹಂಗಾದ ಮ್ಯಾಲ ಆಟ ಕಾಂಕ್ರೀಟಿನ ಮ್ಯಾಲ ಆಡೂದು. ಅದೂ ಒಂದ ಕೆಲಸ, ಇಡೀ ಪಂಚಾಯ್ತಿ ಅಲ್ಲ. ಅದೂ ಮಂದಿ ಮುಂದ, ಆಫೀಸಿನಾಗ ಅಲ್ಲ.

ಮಂದಿ ಮುಂದ ಅಂದ್ರ ಎಲ್ಲಿ? ಗ್ರಾಮಸಭಾದಾಗ ಮನಿ ಹಂಚೂದು, ಆಶ್ರಯ ಪಟ್ಟಿ, ಜಗಳ, ಅದ ಮುಗಿಯಂಗಿಲ್ಲ. ನಾನು ಹಿಡಿದಿದ್ದು ಜಮಾಬಂದಿ. ವರ್ಷಾ ಆಗಸ್ಟ್ ನಡುವಿಂದ ಸೆಪ್ಟೆಂಬರ್ ನಡುವಿನ ತನಕ ಎಲ್ಲಾ ಪಂಚಾಯ್ತಿಗೂ ಆಗಬೇಕು, ಬ್ಯಾರೆ ಇಲಾಖೆಯಿಂದ ನೋಡಲ್ ಅಧಿಕಾರಿ ಬರ್ತಾರ, ಹಿಂದಿನ ವರ್ಷದ ಜಮಾ-ಖರ್ಚು ಓದಬೇಕು, ಕಡತ ಮಂದಿ ಮುಂದ ಇಡಬೇಕು, ಕೆಲಸ ಆದ ಜಾಗಾಕ್ಕ ಹೋಗಿ ನೋಡಬೇಕು. ಆಗೂದೇನು? ಹತ್ತು ಮಂದಿ, ಚಾ-ಖಾರಾ, ಬ್ಯಾನರ್ ಹಿಡಿದು ಫೋಟೋ, ರಿಜಿಸ್ಟರ್‌ನಾಗ ಸಹಿ, ಇಪ್ಪತ್ತು ನಿಮಿಷದಾಗ ಖಲಾಸ್. ಆದ್ರ ಕಾನೂನಿನಾಗ ಐತಲ್ಲ, ಅದ ಸಾಕು.

1994ರಾಗ ರಾಜಸ್ಥಾನದ ಪಾಲಿ ಜಿಲ್ಲಾದ ಕೋಟ್‌ಕಿರಾಣಾ ಅನ್ನೋ ಊರಾಗ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವ್ರು ಮೊದಲನೇ ಜನಸುನವಾಯಿ (ಮಂದಿ ಮುಂದ ಲೆಕ್ಕ ಕೇಳೂ ಸಭಾ) ಮಾಡಿದ್ರಲ್ಲ, ಮಸ್ಟರ್ ರೋಲ್ (ಕೂಲಿ ಹಾಜರಿ ಪಟ್ಟಿ) ಮೈಕಿನಾಗ ಓದಿ "ಈ ಪಗಾರ ನಿನಗ ಬಂತೇನು" ಅಂತ ಮಂದೀನ ಕೇಳಿದ್ದು, ಅದನ್ನ ಧಾರವಾಡದಾಗ ಒಂದು ತರಬೇತ್ಯಾಗ ಕೇಳಿದ್ನಿ. ಆರ್‌ಟಿಐ ಕಾನೂನು ಬರಾಕ ಇನ್ನೂ ಹನ್ನೊಂದು ವರ್ಷ ಇರೂಮುಂದ ಅವ್ರು ಮಾಡಿದ್ದು. ಅವ್ರ ಘೋಷಣಾ "ಹಮಾರಾ ಪೈಸಾ, ಹಮಾರಾ ಹಿಸಾಬ್", ಅಂದ್ರ ನಮ್ಮ ರೊಕ್ಕ, ನಮ್ಮ ಲೆಕ್ಕ. ನಮ್ಮ ಕಡೆ ಘೋಷಣಾ ಕೂಗಿದ್ರ ಯಾವ ಪಾರ್ಟಿ ಅಂತ ಕೇಳ್ತಾರ, ಅದಕ್ಕ ಘೋಷಣಾ ಬಿಟ್ನಿ, ಓದೂದು ಇಟಗೊಂಡ್ನಿ.

2022ರ ಜಮಾಬಂದ್ಯಾಗ ಮರ್ಯಾದಿ ಹೋದ ಕಥಿ ಹೇಳಬೇಕು. ಒಂದು ಸಿಸಿ (ಕಾಂಕ್ರೀಟ್) ರೋಡ್ ಆರಿಂಚ್ ಅಂತ ಎಂಬ್ಯಾಗ ಐತಿ, ನಾಕಿಂಚೂ ಇಲ್ಲ ಅಂತ ಎದ್ದ ನಿಂತು ಹೇಳಿದ್ನಿ. ಗುತ್ತಿಗೆದಾರ ಅಲ್ಲೇ ಇದ್ದ, "ಬಾರೋ ತಮ್ಮಾ, ಅಗದ ನೋಡೂಣು" ಅಂದ. ಹಾರಿ ತಗೊಂಡು ಅಂಚಿಗೆ ಮಣ್ಣು ತಗದ್ರು, ಟೇಪ್ ಹಿಡಿದ್ರ ಆರೂವರಿ ಇಂಚ್! ಮಂದಿ ಹೋ ಅಂತ ನಕ್ಕಬಿಟ್ರು. ಎರಡು ತಿಂಗಳ ಹೋಟೆಲ್ ಕಡೆ ಹೋಗಲಿಲ್ಲ ನಾನು, "ಏನೋ ಇಂಜಿನಿಯರ್ ಸಾಹೇಬಾ" ಅಂತ ಕರೀತಿದ್ರು.

ಗೌಂಡಿ ಆಗಿ ನನಗ ಹೊಳೀಬೇಕಿತ್ತು. ಅಂಚಿಗೆ ಕಬ್ಬಿಣದ ಪಟ್ಟಿ ಆರಿಂಚಿಂದು ನಿಲ್ಲಸ್ತಾರ, ಅಲ್ಲಿ ಕಡಿಮಿ ಹಾಕಾಕ ಬರಂಗ ಇಲ್ಲ. ತಳಾ ಮಾತ್ರ ನಡಕ ಉಬ್ಬಿಸಿ ಬಿಡ್ತಾರ, ಮುರುಮ ಚೆಲ್ಲಿ ರೋಲರ್ ಹೊಡಿಲಾರದ. ಮ್ಯಾಲಿಂದ ನೋಡಿದ್ರ ಸಪಾಟ, ಅಂಚಿಗೆ ನೋಡಿದ್ರ ಆರಿಂಚ್, ನಡುವ ಮೂರು-ಮೂರೂವರಿ. ನಾವು ಹುಡುಕೋ ಜಾಗಾದಾಗ ಅದು ಸಿಗಂಗ ಇಲ್ಲ.

ನಡುವ ನೋಡೂದು ಹೆಂಗ? ಕೋರ್ ಕಟಿಂಗ್ (ಕಾಂಕ್ರೀಟ್ ಕೊರದು ತುಂಡು ತಗದು ನೋಡೂದು) ಮಾಡಸೂಣು ಅಂತ ಒಂದು ಕಾಲೇಜಿನಾಗ ಕೇಳಿದ್ನಿ, ಒಂದ ತೂತಿಗೆ ಹೇಳಿದ ರೇಟ್ ಕೇಳಿ ಬಸ್ ಹತ್ತಿ ವಾಪಸ್ ಬಂದ್ನಿ. ಆರ್‌ಟಿಐ ಕಾಯ್ದೆ ಕಲಂ 2(ಜೆ)ದಾಗ ಸಾಮಗ್ರಿಯ ದೃಢೀಕೃತ ಮಾದರಿ ತಗೊಳ್ಳೂ ಹಕ್ಕು ಐತಲ್ಲ, ಭಾಳ ಮಂದಿ ಅದನ್ನ ಮುಟ್ಟೂದ ಇಲ್ಲ, ಅದನ್ನೂ ಹಾಕಿ ನೋಡಿದ್ನಿ. "ಮಾದರಿ ಕಚೇರಿಯಲ್ಲಿ ಲಭ್ಯವಿರುವುದಿಲ್ಲ" ಅಂತ ಬಂತು. ರೋಡ್ ಆಫೀಸಿನಾಗ ಹೆಂಗ ಇರ್ತೈತಿ ಯಪ್ಪಾ! ಆ ಉತ್ತರ ಜ್ವಾಪಾನ ಮಾಡಿ ಇಟ್ಟೀನಿ.

ಕಡೀಕ ದಾರಿ ತೋರ್ಸಿದ್ದು ಜಲ ಜೀವನ ಮಿಷನ್ನಿನ ಪೈಪು. ನಳದ ಪೈಪ್ ದಾಟಸಾಕ ಹೊಸಾ ರೋಡ್‌ನ ಈ ಕಡಿಂದ ಆ ಕಡಿ ತನಕ ಕಟರ್ ಹಚ್ಚಿ ಕೊಯ್ದ್ರು. ಎಲ್ಲಾರೂ ಬೈಯಾಕತ್ತಿದ್ರು, ಹೊಸಾ ರೋಡ್ ಹಾಳ ಮಾಡಿದ್ರು ಅಂತ, ನಾನೂ ಬೈಕೋತ ಹೋಗಿ ನೋಡ್ತೀನಿ, ಅಡ್ಡಕ್ಕ ಕೊಯ್ದ ಕೇಕಿನ ಹಂಗ ಐತಿ ರೋಡು! ಅಂಚಿಗೆ ಬೂದಿಬಣ್ಣದ ದಪ್ಪ ಪಟ್ಟಿ, ನಡಕ ಬರ್‍ತ ಬರ್‍ತ ತೆಳ್ಳಗ, ಕೆಳಗ ಕೆಂಪ ಮುರುಮ ಉಬ್ಬಿ ಮ್ಯಾಲ ಬಂದೈತಿ. ಮನಿಗೆ ಓಡಿ ಮಗನ ಸಾಲಿ ಸ್ಕೇಲ್ ತಂದು ನಿಲ್ಲಿಸಿ ಫೋಟೋ ತಗದ್ನಿ, ಜಾಗಾ-ತಾರೀಖು ಬೀಳೂ ಹಂಗ ಜಿಪಿಎಸ್ ಕ್ಯಾಮೆರಾದಾಗ. ಎರಡು ದಿನದಾಗ ಅದನ್ನ ಮುಚ್ಚಿ ಪ್ಲಾಸ್ಟರ್ ಬಡದ್ರು, ತಡಾ ಮಾಡಿದ್ರ ಹೋತು. ಎರಡು ಕಡೆ ಕೊಯ್ದಿದ್ರು, ಎರಡರಾಗೂ ಐದೈದು ಜಾಗಾದಾಗ ಅಳತಿ. ಅಂಚಿಂದೂ ಹಿಡೀರಿ, ಬಿಡಬ್ಯಾಡ್ರಿ, ಇಲ್ಲಾಂದ್ರ ಬೇಕಂತ ತೆಳ್ಳಂದ ಹಿಡಿದಾನ ಅಂತಾರ.

ಇದು 2024ರ ಬ್ಯಾಸಿಗಿ ಮಾತು. 15ನೇ ಹಣಕಾಸು ಆಯೋಗದ ಅನ್‌ಟೈಡ್ (ಇಂಥಾ ಕೆಲಸಕ್ಕ ಅಂತ ಕಟ್ಟಿಹಾಕಲಾರದ) ರೊಕ್ಕದಾಗ ಮಾಡಿದ ರೋಡ್, ನಾಕು ಲಕ್ಷದ ಹತ್ತಿರದ್ದು. ಇ-ಗ್ರಾಮಸ್ವರಾಜ್ ವೆಬ್‌ಸೈಟಿನಾಗ ವೋಚರ್ ತಾರೀಖು, ರೊಕ್ಕ ಎಲ್ಲಾ ಸಿಗ್ತೈತಿ, ದಪ್ಪ ಎಷ್ಟು ಅನ್ನೂದು ಸಿಗಂಗಿಲ್ಲ. ಅದಕ್ಕ ಒಂದ ಕೆಲಸದ್ದು ಮೂರ ಕಾಗದ ಕೇಳಿದ್ನಿ: ಎಸ್ಟಿಮೇಟು, ಎಂಬಿ, ಬಿಲ್ಲು. 30 ದಿನ ದಾಟಿಸಿದ್ರು, ತಡಾ ಆದ್ರ ಪುಕ್ಕಟ ಕೊಡಬೇಕು ಅನ್ನೂ ಕಲಂ 7(6) ಬರದು ಅಪೀಲ್ ಹಾಕಿದ್ನಿ, ನಲವತ್ತು ಹಾಳಿ ಪುಕ್ಕಟ ಬಂದ್ವು. ತಡಾ ಮಾಡೂದು ಅವ್ರಿಗೆ ಚಟ, ನಮಗ ಲಾಭ.

ಲೆಕ್ಕ ಹಿಂಗ. ಎಂಬ್ಯಾಗ 80 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ, ಅಂದ್ರ 36 ಕ್ಯೂಬಿಕ್ ಮೀಟರ್. ಟೇಪಿಗೆ ಸಿಕ್ಕಿದ್ದು 74 ಮೀಟರ್ ಉದ್ದ, ದಪ್ಪ ಸರಾಸರಿ ನಾಕಿಂಚಿನ ಮ್ಯಾಲ ಚೂರು. ಹನ್ನೆರಡು-ಹದಿಮೂರು ಕ್ಯೂಬಿಕ್ ಮೀಟರ್ ಕಾಂಕ್ರೀಟ್ ಬಿದ್ದ ಇಲ್ಲ. ಬಿಲ್ಲಿನ ರೇಟ್ ಆರೂವರಿ ಸಾವಿರದ ಸುತ್ತಮುತ್ತ ಇತ್ತು, ಎಂಬತ್ತು ಸಾವಿರದ ಹತ್ತಿರ ಬರ್ತೈತಿ. ಕೆಳಗಿನ ಬೆಡ್ಡಿಂದು ನಾನು ಮುಟ್ಟಲಿಲ್ಲ. ಅದರಾಗೂ ಇತ್ತು, ಆದ್ರ ಒಂದ ಅಂಕಿ ಹೇಳಿದ್ರ ಮಂದಿ ತಲ್ಯಾಗ ಕುಂದರ್ತೈತಿ, ಮೂರು ಹೇಳಿದ್ರ ಎದ್ದು ಚಾ ಕುಡ್ಯಾಕ ಹೋಗ್ತಾರ.

ಜಮಾಬಂದಿ ದಿನ ನಾನು ಮಾತಾಡಲಿಲ್ಲ. ಮಾತಾಡಿಸಿದ್ದು ಆ ಓಣ್ಯಾಗಿನ ಒಬ್ಬ ಅಜ್ಜಿನ್ನ. "ಸಾಹೇಬ್ರ, ನಮ್ಮ ಮನಿ ಮುಂದಿನ ರೋಡ್ ಎಷ್ಟ ದಪ್ಪ ಬರದಾರ ಸ್ವಲ್ಪ ಓದ್ರಲ್ಲಾ" ಅಂದ್ಳು ಅಷ್ಟ. ನೋಡಲ್ ಅಧಿಕಾರಿ ಓದಿದ್ರು, ಪಿಡಿಒ ಮುಖ ಕೆಳಗ ಹಾಕಿದ್ರು. ಆಮ್ಯಾಲ ಫೋಟೋ, ಆಮ್ಯಾಲ ಟೇಪು. ಎಸಿ ಗಾಡ್ಯಾಗ ಬಂದ ಆ ಸಾಹೇಬ್ರು ಕುರ್ಚಿ ಬಿಟ್ಟು ಮುನ್ನೂರು ಮೀಟರ್ ಬಿಸಲಾಗ ನಡಕೋತ ರೋಡ್ ತನಕ ಬರೂ ಹಂಗ ಏನ್ ಮಾಡಿದ್ನಿ ಅನ್ನೂದು ಇಲ್ಲಿ ಬರ್ಯಂಗಿಲ್ಲ, ಮುಂದಿನ ವರ್ಷನೂ ಅದ ಬೇಕಾಗ್ತೈತಿ. ಸಿಕ್ಕಾಗ ಕೇಳ್ರಿ, ಚಾ ಕುಡಿಸಿದ್ರ ಹೇಳ್ತೀನಿ. ಟೇಪಿನ ಒಂದ ತುದಿ ಜೆಇ (ಕಿರಿಯ ಇಂಜಿನಿಯರ್) ಕೈಯಾಗ ಕೊಟ್ನಿ, ಇನ್ನೊಂದು ತುದಿ ಗುತ್ತಿಗೆದಾರನ ಕೈಯಾಗ. 74 ಅಂತ ಅವ್ರ ಬಾಯಿಂದನ ಬಂತು.

ಜೆಇ ಬಗ್ಗೆ ಒಂದು ಮಾತು. ಎಲ್ಲಾರೂ ಅವ್ರನ್ನ ಕಳ್ಳ ಅಂತಾರ. ಐದಾರು ಪಂಚಾಯ್ತಿ ಒಬ್ಬರ ತಲಿ ಮ್ಯಾಲ, ಕಾಂಕ್ರೀಟ್ ಬೀಳೂ ದಿನ ಅವ್ರು ಬ್ಯಾರೆ ಊರಾಗ ಇರ್ತಾರ, ಎಸ್ಟಿಮೇಟಿನ ಅಳತಿನ ಎಂಬ್ಯಾಗ ಇಳಿಸಿ ಸಹಿ ಹಾಕ್ತಾರ. ತಪ್ಪು ಹೌದು, ಆದ್ರ ನಾನು ಅವ್ರ ಮ್ಯಾಲ ಬೀಳಲಿಲ್ಲ, ಅದಕ್ಕ ಅವ್ರು ಟೇಪ್ ಹಿಡಿದ್ರು.

ನಡಾವಳ್ಯಾಗ ಬರಸೂತನ ನಾವು ಎದ್ದ ಹೋಗಲಿಲ್ಲ. ಇದು ಭಾಳ ಮುಖ್ಯ ನೋಡ್ರಿ, 2023ರಾಗ ಒಂದು ಗಟಾರದ ಅಳತಿ ಸರಿಯಾಗಿ ಸಿಕ್ಕಿತ್ತು, ಎಲ್ಲಾರೂ ಹೌದೌದು ಅಂದ್ರು, ಖುಷಿಲೆ ಮನಿಗೆ ಹೋದ್ವಿ, ಮರುದಿನ ನಡಾವಳ್ಯಾಗ "ಸಭೆಯು ಶಾಂತಿಯುತವಾಗಿ ಮುಕ್ತಾಯವಾಯಿತು" ಅಂತ ಇತ್ತು. ಈ ಸಲ ಅಳತಿ, ಅಂಕಿ, ನೋಡಲ್ ಅಧಿಕಾರಿ ಸಹಿ, ಅಲ್ಲೇ ಮೊಬೈಲ್‌ನಾಗ ಫೋಟೋ. ಆ ಫೋಟೋ ಹಚ್ಚಿ ತಾಲೂಕ ಪಂಚಾಯ್ತಿ ಇಒಗೆ ಒಂದು, ಜಿಲ್ಲಾ ಪಂಚಾಯ್ತಿ ಸಿಇಒಗೆ ಒಂದು ಅರ್ಜಿ, ಬಾಗಲಕೋಟೆ ನವನಗರದ ಆಫೀಸಿಗೆ ನಾಕು ಸಲ ಓಡಾಟ. ಐದು ತಿಂಗಳಾತು. ಗುತ್ತಿಗೆದಾರನ ಬ್ಯಾರೆ ಬಿಲ್ಲಿನಾಗ ಅರವತ್ತು ಸಾವಿರದ ಮ್ಯಾಲ ಕಡಿತ ಆತು, ಪಂಚಾಯ್ತಿ ಖಾತೆಗೆ ವಾಪಸ್ ಜಮಾ. ಎಂಬತ್ತು ಬರಲಿಲ್ಲ. ಆದ್ರೂ ಇದಕ್ಕ ಮುಂಚೆ ನಮ್ಮ ಪಂಚಾಯ್ತ್ಯಾಗ ಒಬ್ಬ ಗುತ್ತಿಗೆದಾರನಿಂದ ಒಂದು ಪೈಸೆ ವಾಪಸ್ ಬಂದಿದ್ದು ಯಾರಿಗೂ ನೆನಪಿಲ್ಲ, ಅದನ್ನ ನಾನು ಹೇಳಕೊಳ್ಳಾವನ.

ನಡು ನಡುವ ಬ್ಯಾರೆ ಪ್ರಯೋಗನೂ ಮಾಡಿದ್ನಿ. ರಾತ್ರಿ ಹುಡುಗೋರನ್ನ ಕರಕೊಂಡು ಬೀದಿದೀಪ ಎಣಿಸಿದ್ದು, ಬಿಲ್ಲಿನಾಗ ನೂರಾ ಇಪ್ಪತ್ತು, ಕಂಬದ ಮ್ಯಾಲ ಎಂಬತ್ತು, ಉರಿಯೂವು ಐವತ್ತೂ ಇಲ್ಲ. "ಮಂಗ ಕಿತ್ತಾವ" ಅಂದ್ರು, ಅಲ್ಲಿಗೆ ಮುಗೀತು, ಮಂಗ್ಯಾಂದು ಅಳತಿ ಹೆಂಗ ಹಿಡೀತಿ.

ಇನ್ನೊಂದು ಪ್ರಯೋಗದ್ದು ಈಗೂ ಕೆಡಕ ಅನಸ್ತೈತಿ. ಉದ್ಯೋಗ ಖಾತ್ರ್ಯಾಗ ಎನ್‌ಎಂಎಂಎಸ್ ಅನ್ನೂ ಮೊಬೈಲ್ ಆ್ಯಪ್‌ನ ಫೋಟೋ ಹಾಜರಿ 2023ರ ಜನವರಿಯಿಂದ ವೈಯಕ್ತಿಕ ಫಲಾನುಭವಿ ಕೆಲಸ ಬಿಟ್ಟು ಎಲ್ಲಾ ಕೆಲಸಕ್ಕೂ ಕಡ್ಡಾಯ ಆತಲ್ಲ, ಆ ಫೋಟೋ ವೆಬ್‌ಸೈಟಿನಾಗ ಸಿಗ್ತಿದ್ವು. ಒಂದು ಎನ್‌ಎಂಆರ್‌ದು (ಹಾಜರಿ ಪಟ್ಟಿದು) ತಗದು, ಪ್ರಿಂಟ್ ಹಾಕಿ ಗುಡಿ ಕಟ್ಟಿಗೆ ಹಚ್ಚಿದ್ನಿ. ಹೆಸರಿದ್ದ ಹುಡುಗ ಗೋವಾಕ್ಕ ದುಡ್ಯಾಕ ಹೋಗಿದ್ದ, ಫೋಟೋದಾಗ ಇದ್ದಾಂವ ಬ್ಯಾರೆ. ಸಂಜೀಕ ಅವನ ಅವ್ವ ನಮ್ಮ ಮನಿ ಮುಂದ ಬಂದು "ನಮ್ಮ ಹುಡುಗನ ಕಾರ್ಡ್ ಹೋದ್ರ ನೀ ಅನ್ನ ಹಾಕ್ತಿಯೇನೋ" ಅಂತ ಅತ್ತಬಿಟ್ಳು. ಆಗ ದಿನಕ್ಕ 316 ರೂಪಾಯಿ ಇತ್ತು, ಅದರಾಗ ಅವನ ಖಾತೆಕ್ಕ ಬಂದು ಅವನ ಕೈಯಾಗ ಉಳಿಯೂದು ಐವತ್ತೋ ಅರವತ್ತೋ, ಉಳಿದದ್ದು ಹಾಜರಿ ಹಾಕಿಸಿದಾಂವಗ. ಸಿಕ್ಕಿಬಿದ್ದಿದ್ದು ಮಾತ್ರ ಇವನ ಹೆಸರು. ಹಾಳಿ ಕಿತ್ತು ತಗದ್ನಿ, ಮತ್ತ ಮಂದಿ ಹೆಸರು ಗ್ವಾಡಿಗೆ ಹಚ್ಚಿಲ್ಲ. ಉದ್ದ, ಅಗಲ, ದಪ್ಪ ಅಷ್ಟ. ಕಾಂಕ್ರೀಟಿಗೆ ಅವ್ವ ಇಲ್ಲ.

ಖರ್ಚು ಎಷ್ಟಾತು ಅಂತ ಕೇಳ್ತಾರ. ಮೊದಲಿನ ಗಂಟಿಂದು ಬಿಡ್ರಿ, ಅದು ಸಾಲಿ ಫೀ. ಈ ರೋಡಿಗೆ ಪೋಸ್ಟಲ್ ಆರ್ಡರ್, ರಿಜಿಸ್ಟರ್ ಪೋಸ್ಟು ಮುನ್ನೂರು, ನವನಗರ ಓಡಾಟ ಪೆಟ್ರೋಲ್ ಸಾವಿರದ ಮ್ಯಾಲ, 30 ಮೀಟರ್ ಟೇಪ್ ನಾಕುನೂರು, ಫೋಟೋ ಪ್ರಿಂಟು ಇನ್ನೂರು, ಕೆಲಸ ಬಿಟ್ಟಿದ್ದು ಎಂಟು ದಿನ, ನನ್ನ ಪಗಾರ ಒಂಬೈನೂರು ಹಿಡೀರಿ. ಒಂಬತ್ತು ಸಾವಿರದ ಮ್ಯಾಲ ಚೂರು. ಇದರ ಮ್ಯಾಲ ಆ ಗುತ್ತಿಗೆದಾರನ ಅಳಿಯ ನನಗ ಕೊಡಬೇಕಾದ ಒಂದು ಮನಿ ಕೆಲಸ ಬ್ಯಾರೆದಾಂವಗ ಕೊಟ್ಟ, ಅದು ಹತ್ರಹತ್ರ ಮೂವತ್ತು ಸಾವಿರದ ಲುಕ್ಸಾನ. ಇದನ್ನ ಯಾರೂ ಲೆಕ್ಕದಾಗ ಹಿಡ್ಯಂಗಿಲ್ಲ, ನಾನು ಹಿಡೀತೀನಿ. ಮಾಡೂ ಮುಂಚೆ ನಿಮ್ಮ ಹೊಟ್ಟಿಪಾಡು ಯಾರ ಕೈಯಾಗ ಐತಿ ಅಂತ ನೋಡಿಕೊಳ್ರಿ.

ಹೋದ ತಿಂಗಳ ಅದ ಓಣಿ ಹಿಂದ ಹೊಸಾ ರೋಡ್ ಹಾಕಿದ್ರು. ಕಾಂಕ್ರೀಟ್ ಬೀಳೂಕಿಂತ ಮುಂಚೆ, ಇನ್ನೂ ಬರೇ ಪಟ್ಟಿ ನಿಲ್ಲಿಸಿದ್ದಾಗ, ಆ ಅಜ್ಜಿ ಮೊಮ್ಮಗ ಈ ಪಟ್ಟಿಯಿಂದ ಆ ಪಟ್ಟಿಗೆ ದಾರ ಕಟ್ಟಿ ನಡಕ ಸ್ಕೇಲ್ ಇಳಿಸಿ ನೋಡಾಕತ್ತಿದ್ದ. ಅದನ್ನ ನಾನು ಹೇಳಿಕೊಟ್ಟಿದ್ದಿಲ್ಲ. ಕೊಯ್ಯೂದೂ ಬ್ಯಾಡ, ಕಾಯೂದೂ ಬ್ಯಾಡ, ನನಗ ಹದಿನೆಂಟು ವರ್ಷದಾಗ ಹೊಳಿಲಾರದ್ದು. ಐದೂಮುಕ್ಕಾಲು ಇಂಚ್ ಬಿತ್ತಂತ.

ಈಗ ಹಿಡಿದಿದ್ದು ನೀರಿನ ಟ್ಯಾಂಕು, ರಿಪೇರಿ ಅಂತ ಬಿಲ್ ಆಗೇತಿ, ಒಳಗ ಪ್ಲಾಸ್ಟರ್ ಮಾಡೀವಿ ಅಂತ ಬರದಾರ. ಎಸ್ಟಿಮೇಟ್ ನಿನ್ನೆ ಬಂತು, 14 ಹಾಳಿ, 28 ರೂಪಾಯಿ. ಏಣಿ ಮಾತ್ರ ಅರ್ಧಕ್ಕ ಮುರದೈತಿ, ಏರೂದು ಹೆಂಗ ಅಂತ ವಿಚಾರ ನಡದೈತಿ.